ಮೂರನೇ ಸಾಲಿನ ಕಾರ್ಡ್

ಹೇಮಶ್ರೀ ಮತ್ತೆ ಮೂರನೇ ಸಾಲಿಗೆ ಬಂದು ಎಡವಿದಳು. ಮೊಬೈಲಿನಲ್ಲಿ ಅಪ್ಪ ನುಡಿಸಿ ಹಾಡಿದ್ದ ಹಾಡಿನ ರೆಕಾರ್ಡಿಂಗು ಓಡುತ್ತಿತ್ತು. ಕೈಯಲ್ಲಿ ಅಪ್ಪನದೇ ಗಿಟಾರು. ಜಿ ಸರಿ, ಡಿ ಸರಿ. ಮೂರನೇ ಸಾಲಿನಲ್ಲಿ ಮೂರು ಬೆರಳಿಂದ ಮೂರು ತಂತಿ ಒತ್ತಿ ಸಿ ಕಾರ್ಡ್ ಹಿಡಿದರೆ ಮಾತ್ರ ಮೊಬೈಲು ಒಂದು ದಾರಿ, ಗಿಟಾರು ಒಂದು ದಾರಿ.

ಗೋಡೆಯಾಚೆ ನಡುಮನೆಯಲ್ಲಿ ಅಪ್ಪ ದೇವರಾಜ ಪೆಟ್ಟಿಗೆಯಲ್ಲಿ ಮಲಗಿದ್ದ. ಸರಗೂರು ಬಸ್‌ಸ್ಟ್ಯಾಂಡಿನ ಪಕ್ಕ ಇಪ್ಪತ್ತೆಂಟು ವರ್ಷ ಟ್ರ್ಯಾಕ್ಟರ್ ಟೈರಿಗೆ ಪಂಕ್ಚರ್ ಹಾಕಿದವನು, ಭಾನುವಾರ ಕಾಡಂಚಿನ ತಮ್ಮ ಹಾಡಿಯ ಪ್ರಾರ್ಥನಾ ಮಂದಿರದಲ್ಲಿ ಗಿಟಾರು ನುಡಿಸಿದವನು. ನಿನ್ನೆ ಬೆಳಿಗ್ಗೆ ಅಂಗಡಿ ಬಾಗಿಲು ತೆಗೆಯುವಾಗ ಎದೆ ಹಿಡಿದುಕೊಂಡು ಕೂತವನು ಏಳಲಿಲ್ಲ. ಮೂರು ಗಂಟೆಗೆ ಮಣ್ಣು. ಆಗ ಅವನ ಮೆಚ್ಚಿನ ಹಾಡೇ ಆಗಬೇಕು, ಮಗಳೇ ನುಡಿಸಬೇಕು ಎಂದು ಅಮ್ಮ ಮಹದೇವಮ್ಮ ಹೇಳಿಬಿಟ್ಟಿದ್ದಳು.

"ಶ್ರುತಿ ಇಳಿದದೆ ಅನ್ಸುತ್ತೆ," ಎಂದಳು ಹೇಮಶ್ರೀ, ಕುಣಿಯಲಾರದವಳು ನೆಲ ಡೊಂಕು ಎಂದ ಹಾಗೆ.

"ಶ್ರುತಿ ಸರಿಯಾಗೇ ಅದೆ." ಸುನೀಲ್ಕುಮಾರ್ ಹುಣಸೂರಿನ ಕ್ರೈಸ್ತ ಸಭೆಯಿಂದ ಕೀಬೋರ್ಡ್ ಹೊತ್ತು ಬಂದಿದ್ದ. "ಹಾಡಿನ ಪುಸ್ತಕದಲ್ಲಿ ಅಲ್ಲಿರೋದು ಸಿ ನೇ. ನಿಮ್ಮ ತಂದೆ ತಪ್ಪು ನುಡಿಸ್ತಿದ್ರು ಕಣಮ್ಮ. ನೀವು ಸರಿಯಾಗಿ ನುಡಿಸಿ, ನಾನು ಜೊತೆಗಿರ್ತೀನಿ."

ಹೇಮಶ್ರೀ ಮೊಬೈಲಿನ ಹಾಡನ್ನು ಮತ್ತೆ ಮೊದಲಿಂದ ಹಚ್ಚಿದಳು. ಆ ಮಾತನ್ನು ಮೊದಲು ಆಡಿದವಳು ಅವಳೇ.

*

ನಾಲ್ಕು ವರ್ಷದ ಹಿಂದೆ ಮೈಸೂರಿನಲ್ಲಿ ನರ್ಸಿಂಗ್ ಓದುತ್ತಿದ್ದವಳು ಹಾಸ್ಟೆಲಿನಲ್ಲಿ ಗಿಟಾರೂ ಕಲಿತು ರಜಕ್ಕೆ ಬಂದಿದ್ದಳು. ಅರ್ಧ ಕಲಿತವರ ಅಬ್ಬರ ಕೇಳಬೇಕೆ? ಆರಾಧನೆ ಮುಗಿದದ್ದೇ ತಡ, ನಲವತ್ತು ಜನರ ಎದುರು ಬಾಯಿಬಿಟ್ಟಳು.

"ಅಪ್ಪ, ಅದು ಸಿ ಕಣಪ್ಪ. ಇಷ್ಟು ವರ್ಷ ತಪ್ಪೇ ನುಡಿಸ್ಕಂಡು ಬಂದಿದ್ದೀಯ."

ದೇವರಾಜ ನಕ್ಕ. "ಇರ್ಬೋದು ಕಣವ್ವ. ಜನಕ್ಕೆ ಇದೇ ಒಗ್ಗೋಗದೆ, ಬುಡು."

"ತಪ್ಪು ಅಂತ ಗೊತ್ತಾದ್ಮೇಲೆ ತಿದ್ಕಬೇಕು ತಾನೆ?"

ಅವನು ಗಿಟಾರಿಗೆ ಬಟ್ಟೆ ಸುತ್ತಿದ. ಆಮೇಲೆ ಮಗಳು ಊರಲ್ಲಿದ್ದ ಯಾವ ಭಾನುವಾರವೂ ಅವನು ಆ ಹಾಡನ್ನು ಎತ್ತಲಿಲ್ಲ. ಅವಳಿಗದು ಗೊತ್ತಾಗಿತ್ತು, ಆದರೆ ಕೇಳಲು ಹಮ್ಮು ಬಿಡಲಿಲ್ಲ.

*

"ಗುಂಡಿ ಆಯ್ತು," ಎನ್ನುತ್ತ ನಂಜಯ್ಯ ಒಳಗೆ ಬಂದ. ದೇವರಾಜನ ಪಕ್ಕದ ಟೀ ಅಂಗಡಿಯವನು. ಹಣೆ ತುಂಬ ವಿಭೂತಿ, ಆದರೆ ಈ ಹಾಡು ಅವನಿಗೆ ಬಾಯಿಪಾಠ. ಹೇಮಶ್ರೀಯ ಎಡಗೈ ಬೆರಳುಗಳನ್ನೇ ನೋಡುತ್ತ ನಿಂತ.

"ನಿನ್ನ ಬೆಳ್ಳೆಲ್ಲ ನೆಟ್ಟಗವೆ ಕಣವ್ವ. ನಿಮ್ಮಪ್ಪನ್ಗೆಲ್ಲಿತ್ತು? ಉಂಗುರದ ಬೆಳ್ಳು ಟೈರಿನ ರಿಮ್ಮಿಗೆ ಸಿಕ್ಕಿ ಮುದುರೋಯ್ತಲ್ಲ, ಆಮ್ಯಾಕೆ ಈ ಮೂರ್ನೇ ಸಾಲಿನ ತಂತಿ ಅದ್ಕೆ ಎಟುಕ್ತಾನೇ ಇರ್ಲಿಲ್ಲ. ನನ್ನ ಅಂಗ್ಡಿ ಬೆಂಚಲ್ಲಿ ಕೂತ್ಕಂಡು ಆರು ತಿಂಗ್ಳು ಒದ್ದಾಡ್ದ."

ಹೇಮಶ್ರೀ ಸಿ ಹಿಡಿದಳು. ಉಂಗುರದ ಬೆರಳನ್ನು ಮಾತ್ರ ಮೇಲೆತ್ತಿ ಮೀಟಿದಳು. ಕೊಂಚ ಕೊರಗಿನ ನಾದ ಬಂತು; ಮೊಬೈಲಿನ ಹಾಡೂ ಅದೂ ಒಂದೇ ಆದವು.

ಚಿಕ್ಕಂದಿನಲ್ಲಿ ಅವಳು ಆ ಡೊಂಕು ಬೆರಳನ್ನು ಹಿಡಿದುಕೊಂಡೇ ಸಂತೆಗೆ ಹೋದವಳು. ಒಂದು ದಿನವೂ ಇದು ಹೊಳೆದಿರಲಿಲ್ಲ. ನಾಚಿಕೆಯಿಂದ ಅವಳಿಗೆ ಕುಗ್ಗಿಹೋದಂತಾಯಿತು.

"ಮಾವ, ಅಪ್ಪ ಇದ್ನ ನಂಗ್ಯಾಕೆ ಹೇಳ್ನಿಲ್ಲ?"

"ನಾನೂ ಕೇಳ್ದೆ. 'ಮಗ್ಳು ಓದ್ಕಂಡು ಬಂದು ಏಳ್ತಾವ್ಳೆ, ಅವ್ಳಂದಿದ್ದೇ ಸರಿ. ನನ್ ಬೆಳ್ಳಿನ ಕತೆ ಯಾಕೆ' ಅಂದ."

*

ಗುಂಡಿಯ ಬಳಿ ಪಾಸ್ಟರ್ ಪ್ರಾರ್ಥನೆ ಮುಗಿಸಿದರು. ಮೊದಲ ಹಿಡಿ ಮಣ್ಣು ಬೀಳುತ್ತಿದ್ದಂತೆ ಹೇಮಶ್ರೀ ಹಾಡು ಎತ್ತಿದಳು. ಮೂರನೇ ಸಾಲು ಬಂತು. ಸುನೀಲ್ಕುಮಾರನ ಕೀಬೋರ್ಡ್ ಪುಸ್ತಕದ ಪ್ರಕಾರ ಸಿ ನುಡಿಯಿತು. ಜನರ ದನಿ ಅಭ್ಯಾಸದಂತೆ ಕೆಳಗಿಳಿಯಲು ಹೋಗಿ ಚದುರಿತು. ಕೆಲವರು ಬಾಯಿ ಮುಚ್ಚಿದರು.

"ಸುನೀಲಣ್ಣ, ಇದೊಂದು ನೀವು ನುಡಿಸ್ಬೇಡಿ," ಎಂದಳು ಹೇಮಶ್ರೀ. "ಇದು ಅಪ್ಪನ ಥರಾನೇ ಆಗ್ಲಿ."

ಅವನು ಕೀಬೋರ್ಡಿನಿಂದ ಕೈ ತೆಗೆದ. ಅವಳು ಮತ್ತೆ ಮೊದಲಿಂದ ಶುರು ಮಾಡಿದಳು. ಮೂರನೇ ಸಾಲಿಗೆ ಉಂಗುರದ ಬೆರಳನ್ನು ತಂತಿಯಿಂದ ಎತ್ತಿ ಮಡಚಿಕೊಂಡಳು. ಹಾಡಿಯ ಜನವೆಲ್ಲ ಒಟ್ಟಿಗೆ ಕೆಳಗಿಳಿದು, ಒಟ್ಟಿಗೆ ಮೇಲೆ ಬಂದರು. ನಂಜಯ್ಯ ಎಲ್ಲರಿಗಿಂತ ಜೋರಾಗಿ ಹಾಡುತ್ತಿದ್ದ.

ಹಾಡು ಮುಗಿಯಿತು, ಗುಂಡಿ ತುಂಬಿತು, ಜನ ಹೊರಟರು. ಹೇಮಶ್ರೀ ನಿಂತೇ ಇದ್ದಳು. ಮಹದೇವಮ್ಮ ಹತ್ತಿರ ಬಂದು ಮಗಳ ಎಡಗೈ ಹಿಡಿದುಕೊಂಡಳು. ಇನ್ನೂ ಮಡಚಿಯೇ ಇದ್ದ ಆ ಬೆರಳನ್ನು ಮೆಲ್ಲಗೆ ಬಿಡಿಸಿದಳು.