ಬೇಗ ಇಂಗುವ ಗುಂಡಿ

ರಸ್ತೆಯ ಮಳೆನೀರು ನೆಲಕ್ಕಿಳಿಯಲೆಂದು ಇಂಗುಗುಂಡಿ ತೋಡಿಸುವುದು, ನೋಡಿಕೊಳ್ಳುವುದು ನನ್ನ ಕೆಲಸ. ನಮ್ಮ ಬಡಾವಣೆಯಲ್ಲಿ ಅಂಥವು ಎರಡು, ಇಳಿಜಾರಿನಲ್ಲಿ ಮೇಲೊಂದು ಕೆಳಗೊಂದು. ಎರಡರ ತಳವೂ ಜೇಡಿಮಣ್ಣು. ಮಳೆ ಬಿಟ್ಟು ನಾಲ್ಕು ದಿನವಾದರೂ ನೀರು ಜಪ್ಪಯ್ಯ ಅಂದರೂ ಇಳಿಯುತ್ತಿರಲಿಲ್ಲ. ಸೊಳ್ಳೆ, ನಾತ ಎಂದು ಜನ ನನ್ನ ತಲೆ ತಿಂದರು. ಕಳೆದ ವರ್ಷ ರೇಗಿಹೋಗಿ ಕೆಳಗಿನ ಗುಂಡಿಯ ಜೇಡಿಯನ್ನು ಆಳುದ್ದ ಕೆತ್ತಿಸಿ ಮರಳು ತುಂಬಿಸಿದೆ. ಬಿದ್ದ ನೀರು ಸಂಜೆಯೊಳಗೆ ಮಂಗಮಾಯ. ಯಾರನ್ನೂ ಕೇಳಲಿಲ್ಲ. ಮಣ್ಣಿನ ವಿಷಯದಲ್ಲಿ ನಾನು ಯಾರನ್ನು ಕೇಳಬೇಕು?

ಆ ಗುಂಡಿಯಿಂದ ನೂರು ಹೆಜ್ಜೆ ಇಳಿದರೆ ಅಕ್ಕನ ಮಗಳ ಮನೆ. ಅವಳಿಗೆ ಎರಡು ತಿಂಗಳ ಕೂಸು. ಹಾಲಿನ ಪುಡಿ ಕಲಸುವುದು ಮನೆಯ ಬಾವಿ ನೀರಿನಲ್ಲೇ.

ಹೋದ ತಿಂಗಳು ನೀರು ಪರೀಕ್ಷೆ ಮಾಡುವ ಹೆಂಗಸು ನನ್ನನ್ನು ಆ ಮನೆಗೆ ಕರೆಸಿದಳು.

"ಬಾವೀಲಿ ನೈಟ್ರೇಟ್ ಏರಿದೆ. ದೊಡ್ಡವರು ತಡ್ಕೋತಾರೆ, ಕೂಸಿನ ಮೈ ನೀಲಿಗಟ್ಟುತ್ತೆ. ಇವತ್ತಿಂದ ಇದನ್ನ ಕೊಡಬೇಡಿ."

"ಕುದಿಸ್ತೀನಲ್ಲ," ಅಂದಳು ಅಕ್ಕನ ಮಗಳು.

"ಕುದಿಸಿದ್ರೆ ನೀರು ಕಮ್ಮಿಯಾಗುತ್ತೆ, ಅದು ಅಷ್ಟೇ ಉಳಿಯುತ್ತೆ."

ನನಗೆ ಉರಿಯಿತು. "ನಾರೋದು ಮೇಲಿನ ಗುಂಡಿ ಕಣಮ್ಮ. ಅದನ್ನ ಹೋಗಿ ಕೇಳು."

"ಕೇಳಿದೆ. ಎರಡರ ಕೆಳಗೂ ಕೊಳವೆ ಇಳಿಸಿ ನೀರು ತೆಗೆದೆ. ಹುಲ್ಲುಹಾಸಿಗೆ ಹಾಕೋ ಗೊಬ್ಬರ, ನಾಯಿ ಹೇಲು ಮಳೇಲಿ ಕೊಚ್ಚಿಬಂದು ನೈಟ್ರೇಟ್ ಆಗೋದು ಎರಡು ಗುಂಡೀಲೂ ಒಂದೇ. ಆದ್ರೆ ಜೇಡೀಲಿ ನೀರು ನಿಂತು ಗಾಳಿ ಆಡಲ್ಲ. ಅಲ್ಲಿನ ಸಣ್ಣ ಕ್ರಿಮಿಗಳು ಉಸಿರಾಡೋಕೆ ನೈಟ್ರೇಟನ್ನೇ ಒಡೆದು ಗಾಳಿ ಮಾಡಿಬಿಡ್ತವೆ. ನಿಮ್ಮ ಮರಳಲ್ಲಿ ಗಾಳಿ ಬೇಕಾದಷ್ಟಿದೆ, ನೀರಿಗೆ ಪುರುಸೊತ್ತಿಲ್ಲ. ಬಂದದ್ದು ಬಂದ ಹಾಗೇ ಬಾವಿಗೆ."

ಅಕ್ಕನ ಮಗಳು ಬಾಟಲಿಯಲ್ಲಿದ್ದ ಹಾಲನ್ನು ಮೋರಿಗೆ ಸುರಿದಳು. "ನಿಮ್ಮ ಅವಸರ ನೀರಿಗೂ ಕಲಿಸಿದ್ರಲ್ಲ ಮಾವ."

ಅವತ್ತೇ ಕೂಸನ್ನು ಆಸ್ಪತ್ರೆಗೆ ಒಯ್ದೆವು. ರಕ್ತ ನೋಡಿ, ಸದ್ಯ ಏನೂ ಆಗಿಲ್ಲ ಅಂದರು. ಆಸ್ಪತ್ರೆಯ ಬೆಂಚಿನಲ್ಲಿ ಕೂತ ಆ ಎರಡು ಗಂಟೆ ನಾನು ಯಾರ ಮೇಲೂ ರೇಗಲಿಲ್ಲ.

ವಾರದೊಳಗೆ ಮರಳು ತೆಗೆಸಿ ಜೇಡಿಮಣ್ಣು ಹಾಕಿಸಿದೆ. ಮೊದಲ ಮಳೆಗೇ ಪಕ್ಕದ ಬೀದಿಯ ಮೇಷ್ಟ್ರು ಬಂದರು.

"ಮತ್ತೆ ನೀರು ನಿಂತಿದೆಯಲ್ಲಯ್ಯ."

"ನಿಲ್ಲಲಿ ಅಂತಲೇ ಹಾಕಿಸಿದ್ದು. ನಿಮ್ಮ ಕಿಟಕಿಗೆ ಸೊಳ್ಳೆಪರದೆ ಹೊಡೆಸ್ಕೊಳ್ಳಿ."

ಬಾವಿ ಸರಿಹೋಗಲು ವರ್ಷವೋ ಎರಡು ವರ್ಷವೋ ಬೇಕಂತೆ. ಅಲ್ಲಿಯವರೆಗೆ ನಮ್ಮ ಮನೆಯ ನಲ್ಲಿಯಿಂದ ದಿನಾ ಎರಡು ಕ್ಯಾನು ನೀರು ಕೂಸಿನ ಮನೆಗೆ ಹೊತ್ತುಹಾಕುತ್ತೇನೆ. ಯಾರನ್ನಾದರೂ ಕಳಿಸಿ, ನೀವ್ಯಾಕೆ ಹೊರ್ತೀರಿ ಎಂದು ಅಕ್ಕನ ಮಗಳು ಇದುವರೆಗೂ ಒಂದು ಮಾತೂ ಅಂದಿಲ್ಲ. ಅನ್ನಬಾರದು ಕೂಡ.