ಹದಿನೈದು ಸೆಕೆಂಡಿನ ಪೆಟ್ಟಿಗೆ

ಅಣ್ಣನ ಪರದೆಯ ಅಕ್ಷರ ದೊಡ್ಡದು ಮಾಡಲು ಹೋಗಿ ತಂಗಿಯ ಅರ್ಧ ದಿನ ಮಣ್ಣುಪಾಲಾಗಿತ್ತು.

ಮುದ್ರಣಾಲಯವೊಂದರಲ್ಲಿ ಅವಳು ಪುಟ ಜೋಡಿಸುವವಳು, ಅವನು ಕರಡು ತಿದ್ದುವವನು. ಒಂದೇ ಕಂಪ್ಯೂಟರಿಗೆ ಎರಡು ಪರದೆ, ನಡುವೆ ಹಲಗೆಯ ಗೋಡೆ. ಮೂವತ್ತು ವರ್ಷ ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ತಪ್ಪು ಹೆಕ್ಕಿದ ಅಣ್ಣನ ಕೈಯಲ್ಲೇ ಈಚೆಗೆ ತಪ್ಪುಗಳು ನುಸುಳಿ ಅಚ್ಚಾಗುತ್ತಿದ್ದವು. ‘ಪರದೇಲಿ ಅಕ್ಷರ ಚಿಕ್ಕದು, ಅದಕ್ಕೇ’ ಎಂದಿದ್ದ.

‘ಹಾಗಾದ್ರೆ ದೊಡ್ಡದು ಮಾಡಿಸ್ಕೊಳ್ಳಿ. ಸಂಜೆ ಬಂದು ನೋಡ್ತೀನಿ. ಆಗ್ಲಿಲ್ಲ ಅಂದ್ರೆ ಬೇರೆಯವರನ್ನ ಇಟ್ಕೋಬೇಕಾಗತ್ತೆ’ ಎಂದು ಯಜಮಾನರು ಹೇಳಿಹೋಗಿದ್ದರು.

ಆ ಕಂಪ್ಯೂಟರನ್ನು ನಡೆಸುವ ಲಿನಕ್ಸ್‌ನಲ್ಲಿ ಇದಕ್ಕೆ ಒಂದಲ್ಲ, ಮೂರು ಸೆಟ್ಟಿಂಗ್ ಕಿಟಕಿಗಳು. ಒಂದರಲ್ಲಿ ಬದಲಿಸಿದರೆ ಮೆನು ಮಾತ್ರ ಊದಿಕೊಂಡಿತು. ಇನ್ನೊಂದರಲ್ಲಿ ‘ಸರಿ’ ಎನ್ನುವ ಗುಂಡಿಯೇ ಪರದೆಯ ಕೆಳಗೆಲ್ಲೋ ಅಡಗಿ ಕೂತಿತು. ಮೂರನೆಯದು ಹೇಳಿದ ಮಾತು ಕೇಳುತ್ತಿತ್ತು, ಆದರೆ ಹದಿನೈದೇ ಸೆಕೆಂಡು.

‘ದೊಡ್ಡದಾಯ್ತಾ ಅಣ್ಣಾ?’

‘ಆಯ್ತಮ್ಮಾ.’ ಸ್ವಲ್ಪ ಹೊತ್ತಿಗೆ, ‘ಮತ್ತೆ ಸಣ್ಣದಾಯ್ತು.’

ಹೀಗೆ ಹನ್ನೊಂದು ಸಲ. ಕಂಪ್ಯೂಟರಿನ ವಂಶವನ್ನೆಲ್ಲ ಜಾಲಾಡಿ ಬೈದಳು. ಬೈಯಲೂ ತ್ರಾಣ ಉಳಿಯದಾಗ ಹನ್ನೆರಡನೆಯ ಸಲ ಗುಂಡಿ ಒತ್ತಿ, ಸೊಂಟ ಹಿಡಿದುಕೊಂಡು ಎದ್ದು, ಗೋಡೆಯ ಆಚೆ ಹೋದಳು.

ಅಣ್ಣನ ಪರದೆಯ ನಟ್ಟನಡುವೆ ಬೂದು ಬಣ್ಣದ ಪೆಟ್ಟಿಗೆಯೊಂದು ಕೂತಿತ್ತು. ‘ಈ ಬದಲಾವಣೆ ಹೀಗೇ ಇರಲೇ? ಉತ್ತರಿಸದಿದ್ದರೆ ಮೊದಲಿನಂತಾಗುತ್ತದೆ.’ ಕೆಳಗೆ ಸೆಕೆಂಡುಗಳು ಇಳಿಯುತ್ತಿದ್ದವು. ಈ ಪ್ರಶ್ನೆಯನ್ನು ಅದು ಮಧ್ಯಾಹ್ನದಿಂದ ಅವನನ್ನೇ ಕೇಳುತ್ತಿತ್ತು.

‘ಇದು ಪ್ರತಿ ಸಲಾನೂ ಬರ್ತಿತ್ತಾ?’

‘ಏನೋ ಒಂದು ಬಂದು ಬಂದು ಹೋಗ್ತಿತ್ತು.’

‘ಹೇಳೋದಲ್ವಾ ಅಣ್ಣಾ! ಅರ್ಧ ದಿನ ಜೀವ ತಿಂದಿತಲ್ಲ ಇದು!’

‘ಏನಂತ ಹೇಳ್ಲಿ?’ ಅಣ್ಣ ತಲೆ ತಗ್ಗಿಸಿದ. ‘ಏನು ಬರೆದಿದೆ ಅಂತ ಗೊತ್ತಾದ್ರೆ ತಾನೇ.’

ಅವಳು ಮತ್ತೆ ಪರದೆ ನೋಡಿದಳು. ಪೆಟ್ಟಿಗೆಯ ಅಕ್ಷರಗಳು ಹೆಬ್ಬೆರಳಿನಷ್ಟಿದ್ದವು. ಗೋಡೆಯ ಅಂಚಿನಲ್ಲಿ ನಿಂತೇ ಅವಳು ಓದಿದ್ದಳು. ಅವನ ಮೂಗು ಪರದೆಗೆ ಒಂದು ಗೇಣು ದೂರದಲ್ಲಿತ್ತು. ಅಷ್ಟರಲ್ಲಿ ಪೆಟ್ಟಿಗೆ ಮಾಯವಾಗಿ ಅಕ್ಷರಗಳು ಕುಗ್ಗಿದವು.

‘ಎಷ್ಟು ದಿನ ಆಯ್ತು?’

‘ಆರೇಳು ತಿಂಗಳು. ನೋಡೋದರ ನಡುವೆ ಮಂಜು ಕವಿದ ಹಾಗಿರತ್ತೆ. ಭಯ ಆಯ್ತು ಕಣೇ, ಯಾರಿಗೂ ಹೇಳ್ಲಿಲ್ಲ.’

ಸಿಟ್ಟೂ ಅಳುವೂ ಒಟ್ಟಿಗೇ ಬಂದವು. ಎರಡನ್ನೂ ನುಂಗಿಕೊಂಡಳು. ಆಗಲೇ ಯಜಮಾನರು ಒಳಗೆ ಬಂದರು.

‘ಏನಮ್ಮಾ, ಸರಿಹೋಯ್ತಾ?’

‘ಇಲ್ಲ ಸಾರ್’ ಎಂದಳು, ಅಣ್ಣನ ಹೆಗಲ ಮೇಲೆ ಕೈಯಿಟ್ಟು. ‘ಅಣ್ಣನದೇನೂ ತೊಂದರೆ ಇಲ್ಲ, ಈ ಕಂಪ್ಯೂಟರೇ ಸರಿ ಇಲ್ಲ. ನಾಳೆ ನಮ್ಮಿಬ್ಬರಿಗೂ ರಜೆ ಕೊಡಿ, ತಿಳಿದವರ ಹತ್ರ ತೋರಿಸ್ಕೊಂಡು ಬರ್ತೀವಿ.’