ಹನ್ನೊಂದನೆಯ ದಿನದ ಸಾರು

ಒಳ್ಳೆಯ ಕ್ಯಾನ್ಸರಂತೆ! ಥೈರಾಯ್ಡಿಗೆ ಬಂದರೆ ಕಡಲ ದಂಡೆಯ ಗಿಜಾಂಗ್ ಪೇಟೆಯಲ್ಲಿ ಎಲ್ಲರೂ ಹಾಗೇ ಅನ್ನುವುದು. ನಲವತ್ತು ವರ್ಷ ಒಣ ಕಡಲಪಾಚಿ ಮಾರಿದ ಒಕ್‌ಬುನ್‌ಗೂ ಪಕ್ಕದಂಗಡಿಯವರು ಅದನ್ನೇ ಹೇಳಿ ಸಮಾಧಾನ ಮಾಡಿದ್ದರು. ಆಪರೇಷನ್ ಮುಗಿದಿತ್ತು. ಉಳಿದದ್ದನ್ನು ಸುಡಲು ವಿಕಿರಣದ ಅಯೋಡಿನ್ ಮಾತ್ರೆ ನುಂಗಬೇಕು. ರೋಗದ ಕೋಶಗಳು ಅದನ್ನು ಹಸಿದು ಎಳೆದುಕೊಳ್ಳಲಿ ಎಂದು, ಮಾತ್ರೆಗೆ ಮೊದಲು ಎರಡು ವಾರ ಅಯೋಡಿನ್ ತುಂಬಿದ ಕಡಲಿನದೇನನ್ನೂ ಬಾಯಿಗೆ ಹಾಕುವಂತಿಲ್ಲ.

"ಅಂಗಡಿ ತುಂಬ ಪಾಚಿ, ನನ್ನ ಬಾಯಿಗೆ ಸಪ್ಪೆ ಅನ್ನ," ಎಂದು ಆಕೆ ಗೊಣಗುತ್ತಿದ್ದಳು. "ಶನಿವಾರ ಎಪ್ಪತ್ತು ತುಂಬುತ್ತೆ. ಹುಟ್ಟುಹಬ್ಬಕ್ಕೂ ಪಾಚಿ ಸಾರಿಲ್ಲ ಅಂದ್ರೆ ನಾನು ಹುಟ್ಟಿದ್ದೇ ದಂಡ."

"ಮಾತ್ರೆ ಆಗ್ಲಿ, ಕೊಡ ತುಂಬ ಮಾಡಿಕೊಡ್ತೀನಿ. ಈಗ ಸುಮ್ನೆ ತಿನ್ನಮ್ಮ," ಎನ್ನುತ್ತಿದ್ದಳು ಮಗಳು ಹ್ಯೆರಾನ್.

ಹ್ಯೆರಾನ್ ಆಸ್ಪತ್ರೆಯ ಪ್ರಯೋಗಾಲಯದಲ್ಲಿ ಗಡ್ಡೆಗಳ ಜೀನು ಪರೀಕ್ಷಿಸುವವಳು. ಅಮ್ಮನದನ್ನು ಬೇರೆಯವರಿಗೆ ಕೊಟ್ಟಿದ್ದರು. ವಾರವಿಡೀ ಅವಳು ಕೂತಲ್ಲಿ ಕೂರಲಿಲ್ಲ, ನಿಂತಲ್ಲಿ ನಿಲ್ಲಲಿಲ್ಲ. ಶುಕ್ರವಾರ ಅಮ್ಮನನ್ನು ನೋಡುತ್ತಿದ್ದ ಡಾಕ್ಟರ್ ಪ್ಯೊ ಕರೆದು, ಕಂಪ್ಯೂಟರಿನ ಪರದೆಯನ್ನು ಅವಳತ್ತ ತಿರುಗಿಸಿದರು. ದುಂಡಗೆ ಸಾಲಾಗಿ ಕೂರಬೇಕಾದ ಕೋಶಗಳು ಉದ್ದುದ್ದ ಎಳೆದುಕೊಂಡು ಸಿಕ್ಕಸಿಕ್ಕಲ್ಲಿ ನುಗ್ಗಿದ್ದವು. ಕೋಶ ಹೆಚ್ಚಿಸುವ ಜೀನುಗಳು ಬಿಡುವಿಲ್ಲದೆ ದುಡಿಯುತ್ತಿದ್ದವು. ಅಯೋಡಿನ್ ಒಳಗೆಳೆಯುವ ಜೀನು ಮಾತ್ರ ಪೂರ್ತಿ ಸುಮ್ಮನಾಗಿತ್ತು.

"ಇವು ತಾವು ಥೈರಾಯ್ಡ್ ಅನ್ನೋದನ್ನೇ ಮರೆತುಬಿಟ್ಟಿವೆ," ಎಂದರು ಅವರು. "ಮಾತ್ರೆ ಕೊಟ್ಟು ಉಪಯೋಗ ಇಲ್ಲ. ಬೇರೆ ಔಷಧಿ ನೋಡೋಣ, ಆದ್ರೆ ಆಸೆ ಕಡಿಮೆ. ಸೋಮವಾರ ತಾಯಿಯವ್ರಿಗೆ ನಾನೇ ಹೇಳ್ತೀನಿ. ಅಲ್ಲೀವರೆಗೂ ನೀವು ಬಾಯಿ ಬಿಡಬೇಡಿ."

ಶನಿವಾರ ಬೆಳಗ್ಗೆ ಹ್ಯೆರಾನ್ ನಾಲ್ಕು ಸಲ ಒಲೆ ಹಚ್ಚಿ ನಾಲ್ಕು ಸಲ ಆರಿಸಿದಳು. ನಿಜ ಹೇಳಲು ಬಾಯಿ ಬರದು. ಕೊಡುವುದೇ ಇಲ್ಲದ ಮಾತ್ರೆಗಾಗಿ ಹುಟ್ಟುಹಬ್ಬದ ದಿನವೂ ಅಮ್ಮನಿಗೆ ಸಪ್ಪೆ ಅನ್ನ ಬಡಿಸಲು ಕೈ ಬರದು. ಹಾಳಾಗಿ ಹೋಗಲಿ ಎಂದು ಐದನೆಯ ಸಲ ಹಚ್ಚಿ, ನೆನೆದ ಪಾಚಿಯನ್ನು ಪಾತ್ರೆಗೆ ಹಾಕಿಯೇಬಿಟ್ಟಳು.

ಬಟ್ಟಲು ಮುಂದೆ ಬಂದಾಗ ಒಕ್‌ಬುನ್ ಚಮಚ ಮುಟ್ಟಲಿಲ್ಲ. "ಇವತ್ತಿಗೆ ಹನ್ನೊಂದೇ ದಿನ ಕಣೇ. ಇನ್ನೂ ಮೂರು ದಿನ ಇದೆಯಲ್ಲ."

"ಪರವಾಗಿಲ್ಲ, ಕುಡಿಯಮ್ಮ."

ತಾಯಿ ಸಾರು ನೋಡಿದಳು, ಮಗಳ ಮುಖ ನೋಡಿದಳು. ಚಮಚ ಎತ್ತಿಕೊಂಡಳು. ಹ್ಯೆರಾನ್‌ಗೆ ಆಗಲೇ ಹೊಳೆದದ್ದು: ಸೋಮವಾರದವರೆಗೆ ಮುಚ್ಚಿಡಬೇಕಾದ್ದನ್ನು ತಾನೇ ಬಟ್ಟಲಿಗೆ ಬಡಿಸಿ ಇಟ್ಟಿದ್ದಳು.

ಒಕ್‌ಬುನ್ ತಳ ಕಾಣುವವರೆಗೂ ಕುಡಿದು ಬಟ್ಟಲನ್ನು ಮುಂದಕ್ಕೆ ತಳ್ಳಿದಳು.

"ನಿನ್ನ ಹೆತ್ತಾಗ ಬಾಣಂತನದ ಇಪ್ಪತ್ತೊಂದು ದಿನ ಇದನ್ನೇ ಕುಡಿದಿದ್ದೆ. ಒಂದು ದಿನಾನೂ ಬೇಜಾರು ಬಂದಿರ್ಲಿಲ್ಲ. ಇನ್ನೊಂದು ಬಟ್ಟಲು ಹಾಕು. ನೀನೂ ಹಾಕ್ಕೊಂಡು ಕೂತ್ಕೊ. ಅಳೋದು ಆಮೇಲೆ."